ಅಘನಾಶಿನಿಯ ಬಳಚು: ಅಳಿವೆ ದಂಡೆಯ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಎರಡೂ ದಂಡೆಗಳ ಗ್ರಾಮ ಪಂಚಾಯಿತಿ ಸದಸ್ಯರಿಗೆ ಹಾಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಸದಸ್ಯರಿಗೆ,



ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ದಾರಿಯಲ್ಲಿ ಒಂದೂ ಅಣೆಕಟ್ಟಿಗೆ ಸಿಕ್ಕದೆ ಘಟ್ಟವಿಳಿದು, ಅಘನಾಶಿನಿ ಮತ್ತು ತದಡಿ ಊರುಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುವ ಹೊಳೆಯ ಅಳಿವೆಯು ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಸಂಗತಿಯನ್ನು ಕೇಂದ್ರ ಸರ್ಕಾರವು 2024ರ ಜನವರಿಯ ಕೊನೆಯಲ್ಲಿ ಪ್ರಕಟಿಸಿತು. 4,801 ಹೆಕ್ಟೇರ್ ವಿಸ್ತಾರದ ಈ ಪ್ರದೇಶವು ಆರರಿಂದ ಏಳೂವರೆ ಸಾವಿರ ಕುಟುಂಬಗಳಿಗೆ ಜೀವನಾಧಾರವೆಂದು ಅದೇ ಸಂದರ್ಭದಲ್ಲಿ ತಿಳಿಸಲಾಗಿದ್ದು, ಮೀನುಗಾರಿಕೆ, ಗಜನಿ ಗದ್ದೆಗಳ ಭತ್ತ, ಸೀಗಡಿ, ಏಡಿ, ಉಪ್ಪು ಇವುಗಳ ಸಾಲಿನಲ್ಲಿಯೇ ತಿನ್ನುವ ಚಿಪ್ಪುಜೀವಿಗಳ ಸಂಗ್ರಹವನ್ನೂ ಹೆಸರಿಸಲಾಗಿದೆ. ಪಟ್ಟಿಗೆ ಸೇರಿದ ಸಂಭ್ರಮದಲ್ಲಿ ವಲಸೆ ಹಕ್ಕಿಗಳ ಬಗ್ಗೆ, ಕಾಂಡ್ಲಾ ಕಾಡಿನ ಬಗ್ಗೆ ಸಾಕಷ್ಟು ಮಾತು ನಡೆದಿದೆ; ಅದು ನಡೆಯಬೇಕಾದದ್ದೇ. ಆದರೆ ನೀರು ಇಳಿದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ಮರಳುದಿಬ್ಬಗಳ ಮೇಲೆ ಬಗ್ಗಿ ಬುಟ್ಟಿ ತುಂಬಿಸಿಕೊಳ್ಳುವ ಬಳಚು, ಆ ಜನರನ್ನು ಸಾಕುವುದರ ಜೊತೆಗೆ ಅಳಿವೆಯನ್ನೇ ಹೇಗೆ ಸಾಕುತ್ತಿದೆ ಎಂಬ ವಿಷಯ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಚಿಪ್ಪುಜೀವಿಗಳ ಕೃಷಿ ಮತ್ತು ಕರಾವಳಿಯ ಪರಿಸರದ ಕುರಿತು ಕಡಲ ವಿಜ್ಞಾನಿಗಳು ಕಳೆದ ಕೆಲವು ದಶಕಗಳಲ್ಲಿ ಕಂಡುಕೊಂಡಿರುವ ಸಂಗತಿಗಳು ನೇರವಾಗಿ ತಮ್ಮ ಅಧಿಕಾರ ವ್ಯಾಪ್ತಿಗೆ ಸಂಬಂಧಿಸಿದವುಗಳಾದ್ದರಿಂದ ಈ ಪತ್ರವನ್ನು ತಮ್ಮ ಮುಂದಿಡಲಾಗಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಎಂ. ಬೂಮಿನಾಥನ್, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಟಿ.ವಿ. ರಾಮಚಂದ್ರ ಅವರು 2008ರಲ್ಲಿ ಪ್ರಕಟಿಸಿದ ವರದಿಯೊಂದು ಈ ಅಳಿವೆಯ ಬಳಚಿಗೆ ಬೆಲೆ ಕಟ್ಟಲು ಯತ್ನಿಸಿತು. ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳು ಇಲ್ಲಿಂದ ಹೊರಬರುತ್ತವೆ, ಅವುಗಳ ಮೌಲ್ಯ ಸುಮಾರು 5.78 ಕೋಟಿ ರೂಪಾಯಿ, ನೇರವಾಗಿ ಈ ಕೆಲಸದಲ್ಲಿ ತೊಡಗಿದವರು 2,300ಕ್ಕೂ ಹೆಚ್ಚು ಜನ ಎಂಬುದು ಆ ಅಂದಾಜಿನ ಸಾರ. ಬಂಡವಾಳವೆಂದು ಒಂದು ಬುಟ್ಟಿ, ಹೆಚ್ಚೆಂದರೆ ಒಂದು ಪಾತಿದೋಣಿ ಬಿಟ್ಟರೆ ಬೇರೇನನ್ನೂ ಬೇಡದ, ಬಿತ್ತನೆಯೂ ಗೊಬ್ಬರವೂ ಇಲ್ಲದ ಈ ಫಸಲು, ಜಮೀನಿಲ್ಲದ ಕುಟುಂಬಗಳಿಗೆ ಕೂಲಿಯೂ ಆಗಿ, ಮನೆಯ ಸಾರಿಗೆ ಬೇಕಾದ ಸತ್ವದ ಆಹಾರವೂ ಆಗಿ ಒದಗುತ್ತದೆ. ಆ ಅಂಕಿಗಳು ಈಗ ಹಳೆಯವಾಗಿವೆ, ಬೆಲೆಗಳು ಬದಲಾಗಿವೆ. ಆದರೂ ಒಂದು ಅಳಿವೆಯ ತಳದಲ್ಲಿ ಕಣ್ಣಿಗೆ ಕಾಣದಂತೆ ಹುದುಗಿರುವ ಸಂಪತ್ತು ಎಷ್ಟು ದೊಡ್ಡದಿರಬಲ್ಲದು ಎಂಬುದನ್ನು ಅವು ತೋರಿಸಿಕೊಟ್ಟವು.

ಬಳಚು, ಪಚ್ಚಿಲೆ, ಬಂಡೆಗೆ ಅಂಟಿ ಬೆಳೆಯುವ ಸಿಂಪಿ ಇವೆಲ್ಲ ದ್ವಿಕವಾಟಿಗಳೆಂಬ ಒಂದೇ ಗುಂಪಿಗೆ ಸೇರಿದವು. ಎರಡು ಚಿಪ್ಪುಗಳು ಬೆನ್ನಿನ ಕಡೆ ಕೂಡಿಕೊಂಡಿದ್ದು, ಬಾಗಿಲಿನಂತೆ ತೆರೆದು ಮುಚ್ಚುವುದರಿಂದ ಆ ಹೆಸರು ಬಂದಿದೆ. ಮರಳಿನೊಳಗೆ ಹೂತುಕೊಂಡ ಒಂದು ಬಳಚು ಏನು ಮಾಡುತ್ತಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಇಡೀ ವಿಷಯ ತಿಳಿಯಾಗುತ್ತದೆ. ಚಿಪ್ಪಿನ ಒಂದು ತುದಿಯಿಂದ ಅದು ಎರಡು ಪುಟ್ಟ ಕೊಳವೆಗಳನ್ನು ಮರಳಿನ ಮೇಲ್ಮೈವರೆಗೆ ಚಾಚಿರುತ್ತದೆ. ಒಂದು ಕೊಳವೆಯಿಂದ ಒಳಗೆ ಬಂದ ನೀರು ಕಿವಿರುಗಳ ಮೇಲೆ ಹರಿಯುವಾಗ, ಅಲ್ಲಿನ ಸೂಕ್ಷ್ಮ ರೋಮಗಳು ನೀರಿನಲ್ಲಿ ತೇಲುವ ಕಣಗಳನ್ನು ಹಿಡಿದುಕೊಳ್ಳುತ್ತವೆ. ಸೋಸಿದ ನೀರು ಇನ್ನೊಂದು ಕೊಳವೆಯಿಂದ ಹೊರಹೋಗುತ್ತದೆ. ಹಿಡಿದ ಕಣಗಳಲ್ಲಿ ಸಸ್ಯಪ್ಲವಕಗಳು, ಅಂದರೆ ನೀರಿನಲ್ಲಿ ತೇಲುತ್ತ ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಸೂಕ್ಷ್ಮ ಸಸ್ಯಗಳು, ಬಾಯಿಗೆ ಹೋಗುತ್ತವೆ. ಕೆಸರಿನ ಕಣ ಮತ್ತು ಬೇಡದ ವಸ್ತುವನ್ನು ಅದು ಲೋಳೆಯಲ್ಲಿ ಸುತ್ತಿ ಉಂಡೆ ಮಾಡಿ ತಳಕ್ಕೆ ಬೀಳಿಸುತ್ತದೆ. ನೀರಿನಲ್ಲಿ ಅಲೆಯುತ್ತಿದ್ದ ಕದಡು ಹೀಗೆ ತಳ ಸೇರಿದಾಗ ನೀರು ತಿಳಿಯಾಗಿ, ಬಿಸಿಲು ಆಳಕ್ಕೆ ಇಳಿದು, ತಳದ ಜೀವಕ್ಕೆ ದಾರಿಯಾಗುತ್ತದೆ. ಗದ್ದೆಗಳ ಗೊಬ್ಬರದಿಂದಲೂ ಊರುಗಳ ಚರಂಡಿಯಿಂದಲೂ ಬರುವ ಸಾರಜನಕವು ಮೊದಲು ಸಸ್ಯಪ್ಲವಕಗಳ ಮೈಸೇರಿ, ಅವುಗಳಿಂದ ಬಳಚಿನ ಮಾಂಸ ಮತ್ತು ಚಿಪ್ಪನ್ನು ಸೇರುತ್ತದೆ. ತಳಕ್ಕೆ ಬಿದ್ದ ಭಾಗದಲ್ಲಿ ಒಂದಷ್ಟನ್ನು ಕೆಸರಿನ ಬ್ಯಾಕ್ಟೀರಿಯಾಗಳು ಅನಿಲವಾಗಿ ಮಾರ್ಪಡಿಸಿ ಗಾಳಿಗೆ ಬಿಡುತ್ತವೆ. ಬುಟ್ಟಿ ತುಂಬ ಬಳಚು ದಂಡೆಗೆ ಬಂದಾಗ ಅಳಿವೆಯೊಳಗಿನ ಹೆಚ್ಚುವರಿ ಸಾರಜನಕದ ಒಂದು ಪಾಲೂ ಅದರೊಂದಿಗೆ ಹೊರಬಂದಿರುತ್ತದೆ.

ಈ ಸೋಸುವ ಕೆಲಸದ ಪ್ರಮಾಣವನ್ನು ಜಗತ್ತಿನ ಗಮನಕ್ಕೆ ತಂದವರು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಡಲ ವಿಜ್ಞಾನಿ ರೋಜರ್ ನ್ಯೂವೆಲ್. ಚೆಸಪೀಕ್ ಕೊಲ್ಲಿಯಲ್ಲಿ 1870ಕ್ಕೆ ಮೊದಲು ಇದ್ದಷ್ಟು ಸಿಂಪಿಗಳು ಆ ಕೊಲ್ಲಿಯ ಅಷ್ಟೂ ನೀರನ್ನು ಮೂರರಿಂದ ಆರು ದಿನಗಳಲ್ಲಿ ಸೋಸಬಲ್ಲವಾಗಿದ್ದವು, ಅತಿಯಾದ ಸಂಗ್ರಹ ಮತ್ತು ರೋಗಗಳಿಂದ ಕುಗ್ಗಿ ಉಳಿದ ಸಿಂಪಿಗಳಿಗೆ ಅದೇ ಕೆಲಸಕ್ಕೆ ಸುಮಾರು 325 ದಿನ ಬೇಕು ಎಂದು ಅವರು 1988ರಲ್ಲಿ ಅಂದಾಜು ಮಾಡಿದರು. ತಳದಲ್ಲಿರುವ ಸಿಂಪಿಯ ಬಳಿಗೆ ಕೊಲ್ಲಿಯ ಎಲ್ಲ ನೀರೂ ಬಂದು ತಲುಪುವುದಿಲ್ಲವೆಂದು ನಂತರದ ವಿಜ್ಞಾನಿಗಳು ಆ ಅಂದಾಜನ್ನು ಪ್ರಶ್ನಿಸಿದ್ದಾರೆ. ಆ ಆಕ್ಷೇಪ ಸರಿಯಾದದ್ದೇ. ಆದರೂ ಚಿಪ್ಪುಜೀವಿಗಳು ನಶಿಸಿದರೆ ಕಳೆದುಹೋಗುವುದು ಒಂದು ಬಗೆಯ ಆಹಾರ ಮಾತ್ರವೆಂಬ ತಿಳಿವಳಿಕೆಯನ್ನು ಆ ಸಂಶೋಧನೆ ಬದಲಾಯಿಸಿತು. ಚೆಸಪೀಕ್‌ಗಿಂತ ಅಘನಾಶಿನಿ ಬಹಳ ಚಿಕ್ಕದು, ಆಳವೂ ಕಡಿಮೆ. ದಿನಕ್ಕೆ ಎರಡು ಸಲ ಉಬ್ಬರದ ನೀರು ಒಳನುಗ್ಗಿ ಹೊರಹೋಗುತ್ತದೆ. ತಳದ ಬಳಚಿಗೂ ಮೇಲಿನ ನೀರಿಗೂ ನಡುವೆ ಅಂತರ ಕಡಿಮೆಯಿರುವ ಇಂಥ ಕಡೆಯಲ್ಲಿ ಬಳಚಿನ ಪಾತ್ರವನ್ನು ಕಡೆಗಣಿಸುವುದಕ್ಕೆ ಕಾರಣವೇ ಇಲ್ಲ.

ಎಲ್ಲ ಬಳಚುಗಳೂ ಎಲ್ಲೆಡೆ ಬೆಳೆಯುವುದಿಲ್ಲವೆಂಬುದು ತಮ್ಮ ಊರಿನ ಸಂಗ್ರಾಹಕರಿಗೆ ವಿಜ್ಞಾನಿಗಳಿಗಿಂತ ಮೊದಲೇ ಗೊತ್ತಿದ್ದ ವಿಚಾರ. ಸಮುದ್ರದ ಉಪ್ಪಿಗೆ ಹತ್ತಿರವಾದ ನೀರನ್ನು ಬಯಸುವ ಜಾತಿಗಳು ಅಳಿವೆಯ ಬಾಯಿಯ ಕಡೆಗಿರುತ್ತವೆ, ಉಪ್ಪು ಏರಿಳಿಯುವುದನ್ನು ತಾಳಬಲ್ಲವು ನಡುವಿನ ದಿಬ್ಬಗಳಲ್ಲಿರುತ್ತವೆ, ಸಿಹಿನೀರಿಗೆ ಒಗ್ಗಿದ ಕಪ್ಪು ಚಿಪ್ಪಿನ ಬಳಚು ಹೊಳೆಯ ಮೇಲ್ಭಾಗಕ್ಕೆ ಸರಿದಿರುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದು ಉಪ್ಪಿನ ಅಂಶ ಕುಸಿದಾಗ ಎಷ್ಟೋ ಬಳಚು ಸಾಯುತ್ತದೆ. ಮಳೆ ನಿಂತು ಉಪ್ಪು ಮರಳಿದಾಗ ಉಳಿದವು ಮೊಟ್ಟೆಯಿಟ್ಟು, ನೀರಿನಲ್ಲಿ ತೇಲಾಡುವ ಮರಿಗಳು ಎರಡು ಮೂರು ವಾರಗಳ ನಂತರ ತಕ್ಕ ತಳ ಹುಡುಕಿ ನೆಲೆಯೂರುತ್ತವೆ. ಈ ಲಯವು ಕೆಡದಿರಲು ನದಿಯ ಹರಿವು ಋತುಮಾನಕ್ಕೆ ತಕ್ಕಂತೆ ಏರಿಳಿಯಬೇಕು. ಪಕ್ಕದ ಶರಾವತಿಯಲ್ಲಿ ವಿದ್ಯುತ್ ತಯಾರಿಸಿ ಗೇರುಸೊಪ್ಪೆಯಿಂದ ಕೆಳಗೆ ಬಿಡುವ ಸಿಹಿನೀರು ಕಡುಬೇಸಿಗೆಯಲ್ಲೂ ಅಳಿವೆಗೆ ಬರುತ್ತಿರುವುದರಿಂದ ಅಲ್ಲಿನ ಉಪ್ಪಿನ ಅಂಶ ತಗ್ಗಿ, ಚಿಪ್ಪುಜೀವಿಗಳ ವೈವಿಧ್ಯವೂ ಪ್ರಮಾಣವೂ ಅಘನಾಶಿನಿಗಿಂತ ತೀರ ಕಡಿಮೆಯಾಗಿರುವುದನ್ನು ಉತ್ತರ ಕನ್ನಡದ ಅಳಿವೆಗಳ ಅಧ್ಯಯನಗಳು ದಾಖಲಿಸಿವೆ. ಒಂದೇ ಜಿಲ್ಲೆ, ಒಂದೇ ಮಳೆ, ಒಂದೇ ಸಮುದ್ರವಿದ್ದೂ ಎರಡು ಅಳಿವೆಗಳು ಇಷ್ಟು ಭಿನ್ನವಾಗಿರುವುದು, ಅಣೆಕಟ್ಟಿಲ್ಲದ ಹೊಳೆಯೆಂಬುದು ಅಘನಾಶಿನಿಗೆ ಬರಿಯ ಹೊಗಳಿಕೆಯ ಮಾತಲ್ಲವೆಂಬುದಕ್ಕೆ ಸಾಕ್ಷಿ.

ತಳದಿಂದ ಸುಣ್ಣಕ್ಕಾಗಿ ಹಳೆಯ ಚಿಪ್ಪನ್ನು ತೆಗೆಯುವ ವ್ಯವಹಾರದ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಸತ್ತ ಚಿಪ್ಪು ಯಾರ ಆಹಾರವೂ ಅಲ್ಲ, ಆದ್ದರಿಂದ ಅದನ್ನು ತೆಗೆದರೆ ನಷ್ಟವಿಲ್ಲ ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸಬಹುದು. ಆದರೆ ಸಿಂಪಿಯ ಮರಿ ಅಂಟಿಕೊಂಡು ಬೆಳೆಯಲು ಗಟ್ಟಿ ಮೇಲ್ಮೈ ಬೇಕು, ಬಳಚಿನ ಎಳೆಮರಿಗೆ ಏಡಿ ಮೀನುಗಳಿಂದ ಮರೆಯಾಗಲು ಚಿಪ್ಪಿನ ಚೂರುಗಳ ನಡುವಿನ ಸಂದು ಬೇಕು. ಯಂತ್ರದಿಂದ ತಳವನ್ನು ಬಗೆದಾಗ ಸತ್ತ ಚಿಪ್ಪಿನ ಜೊತೆ ಜೀವಂತ ಬಳಚೂ ಹೋಗುತ್ತದೆ, ಎದ್ದ ಕೆಸರು ಸುತ್ತಲಿನ ಹಾಸುಗಳ ಮೇಲೆ ಕೂರುತ್ತದೆ. ಮರಳು ತೆಗೆಯುವುದಕ್ಕೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ಬಳಚಿನ ಹಾಸಿನ ಮೇಲೆ ಇವೆರಡಕ್ಕೂ ಅನುಮತಿ ಸಲ್ಲದು.

ಇನ್ನು ಕೃಷಿಯ ವಿಷಯ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು 1970ರ ದಶಕದಲ್ಲಿ ಕೇರಳದ ವಿಳಿಂಞಂ ಮತ್ತು ಕೋಳಿಕ್ಕೋಡ್‌ಗಳಲ್ಲಿ ಪಚ್ಚಿಲೆಯ ಕೃಷಿಯನ್ನು ಪ್ರಯೋಗಿಸಿ ನೋಡಿತು. 1990ರ ದಶಕದ ನಡುವಿನಿಂದ ಕಾಸರಗೋಡಿನ ಪಡನ್ನದ ಹಿನ್ನೀರಿನಲ್ಲಿ ಮಹಿಳಾ ಸಂಘಗಳು ಅದನ್ನು ಉದ್ಯೋಗವಾಗಿ ಬೆಳೆಸಿದವು. ಕರ್ನಾಟಕದ ಕರಾವಳಿಯಲ್ಲೂ ಅದೇ ಸಂಸ್ಥೆಯ ಮಾರ್ಗದರ್ಶನದಲ್ಲಿ ಪ್ರಾತ್ಯಕ್ಷಿಕೆಗಳು ನಡೆದಿವೆ. ವಿಧಾನ ಸರಳವಾದದ್ದು. ಮಳೆಗಾಲ ಮುಗಿದ ಮೇಲೆ ಬಂಡೆಗಳಿಂದ ತಂದ ಎಳೆಯ ಪಚ್ಚಿಲೆಗಳನ್ನು ಹಗ್ಗದ ಸುತ್ತ ಒತ್ತಾಗಿ ಇಟ್ಟು, ಅವು ಜಾರದಂತೆ ತೆಳುವಾದ ಹತ್ತಿಯ ಬಲೆಬಟ್ಟೆಯನ್ನು ಸುತ್ತಿ ಹೊಲಿದು, ಕಂಬಗಳ ಮೇಲೆ ಕಟ್ಟಿದ ಗಳುಗಳಿಂದ ನೀರಿಗೆ ಇಳಿಬಿಡಲಾಗುತ್ತದೆ. ಬಟ್ಟೆ ಕೆಲವೇ ದಿನಗಳಲ್ಲಿ ಕೊಳೆತು ಕಳಚುವ ಹೊತ್ತಿಗೆ ಪಚ್ಚಿಲೆಯು ತನ್ನ ಕಾಲಿನ ಗ್ರಂಥಿಯಿಂದ ಸ್ರವಿಸುವ ಗಟ್ಟಿ ದಾರಗಳಿಂದ ಹಗ್ಗವನ್ನು ಹಿಡಿದುಕೊಂಡಿರುತ್ತದೆ. ಮೇವು ಹಾಕುವ ಖರ್ಚಿಲ್ಲ. ನೀರೇ ಮೇವನ್ನು ತರುತ್ತದೆ. ಐದಾರು ತಿಂಗಳಲ್ಲಿ, ಮುಂಗಾರಿನ ಸಿಹಿನೀರು ಬರುವುದಕ್ಕೆ ಮೊದಲು ಹಗ್ಗಗಳನ್ನು ಎಳೆದು ಫಸಲು ತೆಗೆಯಬೇಕು. ಸೀಗಡಿ ಕೆರೆಗಳಂತೆ ಕಾಂಡ್ಲಾ ಕಡಿದು ಏರಿ ಕಟ್ಟುವ ಅಗತ್ಯವಿಲ್ಲದ, ಹೊರಗಿನ ಆಹಾರವನ್ನೂ ಔಷಧವನ್ನೂ ನೀರಿಗೆ ಸುರಿಯದ ಈ ಕೃಷಿಯು ಅಳಿವೆಗೆ ಹೊಂದಿಕೆಯಾಗಬಲ್ಲ ಉದ್ಯೋಗಗಳಲ್ಲಿ ಮೇಲ್ದರ್ಜೆಯದು ಎಂಬುದರಲ್ಲಿ ವಿಜ್ಞಾನಿಗಳಲ್ಲಿ ಬಹುಮಟ್ಟಿಗೆ ಒಮ್ಮತವಿದೆ.

ಅದೇ ವಿಜ್ಞಾನಿಗಳು ಇದರ ಮಿತಿಗಳನ್ನೂ ತೋರಿಸಿದ್ದಾರೆ, ಮತ್ತು ಸಹಾಯಧನದ ಯೋಜನೆಗಳ ಉತ್ಸಾಹದಲ್ಲಿ ಮರೆತುಹೋಗುವುದು ಈ ಭಾಗವೇ. ಹರಿವು ಮಂದವಾಗಿರುವ ಕಡೆ ಹಗ್ಗಗಳನ್ನು ಒತ್ತೊತ್ತಾಗಿ ಇಳಿಬಿಟ್ಟರೆ ಪಚ್ಚಿಲೆಗಳ ಮಲ ಒಂದೇ ಕಡೆ ರಾಶಿಬಿದ್ದು ಕೊಳೆಯುತ್ತ ತಳದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಆಗ ಅಲ್ಲಿ ಬಳಚು ಬಾಳಲಾರದು. ಒಂದು ಅಳಿವೆ ಎಷ್ಟು ಪ್ಲವಕವನ್ನು ಬೆಳೆಸಬಲ್ಲದೋ ಅದಕ್ಕೊಂದು ಮಿತಿಯಿದ್ದು, ಹಗ್ಗದ ಪಚ್ಚಿಲೆ ಹೆಚ್ಚು ತಿಂದಷ್ಟೂ ಮರಳಿನ ಬಳಚಿಗೂ ಮೀನುಮರಿಗಳಿಗೂ ಕಡಿಮೆ ಉಳಿಯುತ್ತದೆ. ಈ ಮಿತಿಯನ್ನು ಪರಿಸರದ ಧಾರಣ ಸಾಮರ್ಥ್ಯವೆನ್ನುತ್ತಾರೆ. ಕೃಷಿಗೆ ಬೇಕಾದ ಎಳೆಮರಿಗಳನ್ನೆಲ್ಲ ಬಂಡೆಗಳಿಂದಲೇ ಕಿತ್ತು ತರುವುದಾದರೆ ಬಂಡೆಯಿಂದ ಪಚ್ಚಿಲೆ ಕೀಳುವ ಸಾಂಪ್ರದಾಯಿಕ ಸಂಗ್ರಾಹಕರಿಗೂ ಕೃಷಿಕರಿಗೂ ಜಗಳ ಹತ್ತುವುದು ಖಂಡಿತ. ಕೇರಳದಲ್ಲಿ ಅದು ಆಗಿದೆ. ಚಿಪ್ಪಿನಲ್ಲಿ ಇಂಗಾಲ ಸೇರಿಕೊಂಡಿರುವುದರಿಂದ ಚಿಪ್ಪುಜೀವಿಗಳ ಕೃಷಿಯು ಹವಾಮಾನ ಬದಲಾವಣೆಗೆ ಮದ್ದು ಎಂಬ ಪ್ರಚಾರವನ್ನೂ ಎಚ್ಚರದಿಂದ ನೋಡಬೇಕು, ಏಕೆಂದರೆ ಸಮುದ್ರದ ನೀರಿನಲ್ಲಿ ಸುಣ್ಣದ ಚಿಪ್ಪು ಕಟ್ಟಿಕೊಳ್ಳುವ ರಾಸಾಯನಿಕ ಕ್ರಿಯೆಯೇ ಇಂಗಾಲದ ಡೈಆಕ್ಸೈಡನ್ನು ಬಿಡುಗಡೆ ಮಾಡುತ್ತದೆ. ಬಳಚಿನ ಹಿರಿಮೆಗೆ ಅದು ನಿಜವಾಗಿ ಮಾಡುವ ಕೆಲಸವೇ ಸಾಕು. ಮಾಡದ ಕೆಲಸವನ್ನು ಅದರ ಹೆಸರಿಗೆ ಬರೆಯಬೇಕಾಗಿಲ್ಲ.

ತಮ್ಮ ಅಳಿವೆಗೆ ಎಲ್ಲಕ್ಕಿಂತ ಹತ್ತಿರದ ಪಾಠವಿರುವುದು ಕೇರಳದ ಕೊಲ್ಲಂ ಜಿಲ್ಲೆಯ ಅಷ್ಟಮುಡಿ ಸರೋವರದಲ್ಲಿ. ಅಲ್ಲಿನ ಬಳಚಿನ ಮಾಂಸಕ್ಕೆ 1980ರ ದಶಕದಲ್ಲಿ ಆಗ್ನೇಯ ಏಷ್ಯಾದ ದೇಶಗಳಿಂದ ಬೇಡಿಕೆ ಬಂದಿತು. 1991ರಲ್ಲಿ ಸಂಗ್ರಹವು 10,000 ಟನ್ ಮುಟ್ಟಿ, ಎರಡೇ ವರ್ಷಗಳಲ್ಲಿ ಅರ್ಧಕ್ಕೆ ಕುಸಿಯಿತು. ಆಗ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮೃದ್ವಂಗಿ ತಜ್ಞರು, ಅಂದರೆ ಮೃದು ಶರೀರದ ಚಿಪ್ಪುಜೀವಿಗಳನ್ನು ಅಭ್ಯಸಿಸುವವರು, ಮೊಟ್ಟೆಯಿಡುವ ಕಾಲ ಯಾವುದು, ಎಷ್ಟು ದೊಡ್ಡದಾದ ಮೇಲೆ ಬಳಚು ಒಮ್ಮೆಯಾದರೂ ಮೊಟ್ಟೆಯಿಟ್ಟಿರುತ್ತದೆ ಎಂಬುದನ್ನು ಅಳೆದು ಹೇಳಿದರು. ಅದರ ಆಧಾರದ ಮೇಲೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಸಂಗ್ರಹ ನಿಲ್ಲಿಸುವುದು, ಮರಿಗಳು ಜಾರಿಹೋಗುವಂತೆ ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಚಿಕ್ಕದಿರಬಾರದೆಂಬುದು, ಒಂದು ಕಿಲೋ ಮಾಂಸಕ್ಕೆ 1,400ಕ್ಕಿಂತ ಹೆಚ್ಚು ಬಳಚು ತೂಗುವಷ್ಟು ಚಿಕ್ಕವನ್ನು ರಫ್ತು ಮಾಡಬಾರದೆಂಬುದು ನಿಯಮಗಳಾದವು. ಮೂರನೆಯ ನಿಯಮದ ಜಾಣ್ಮೆಯನ್ನು ಗಮನಿಸಬೇಕು: ನೀರಿನಲ್ಲಿ ನಿಂತ ಬಡವರ ಬುಟ್ಟಿಯನ್ನು ತಡಕುವ ಬದಲು, ಕೊಳ್ಳುವವನ ತಕ್ಕಡಿಯಲ್ಲಿಯೇ ಅದು ಮರಿಬಳಚಿನ ಬೆಲೆಯನ್ನು ಇಲ್ಲವಾಗಿಸಿತು. ಈ ಕಟ್ಟುಪಾಡುಗಳನ್ನು ಪಾಲಿಸಿಕೊಂಡು ಬಂದ ಅಷ್ಟಮುಡಿಯ ಬಳಚು ಮೀನುಗಾರಿಕೆಗೆ 2014ರ ನವೆಂಬರಿನಲ್ಲಿ ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ದೊರೆಯಿತು. ಸುಸ್ಥಿರ ಮೀನುಗಾರಿಕೆಗೆ ನೀಡುವ ಆ ಅಂತರರಾಷ್ಟ್ರೀಯ ಮನ್ನಣೆ ಭಾರತಕ್ಕೆ ಬಂದದ್ದು ಅದೇ ಮೊದಲು.

ಕಥೆ ಅಲ್ಲಿಗೆ ನಿಂತಿದ್ದರೆ ಸಂತೋಷವೆನಿಸುತ್ತಿತ್ತು. ಈಚಿನ ವರ್ಷಗಳಲ್ಲಿ ಅಷ್ಟಮುಡಿಯ ಬಳಚು ಮತ್ತೆ ಕುಗ್ಗಿ, ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ತನ್ನ ವಿಳಿಂಞಂ ಮರಿಕೇಂದ್ರದಲ್ಲಿ ಬಳಚಿನ ಮರಿಗಳನ್ನು ಉತ್ಪಾದಿಸಿ ಸರೋವರಕ್ಕೆ ಬಿಡಬೇಕಾಗಿ ಬಂದಿದೆ. ಸುತ್ತಲಿನ ಪಟ್ಟಣದ ಕೊಳಚೆ, ನೀರಿನ ಗುಣದಲ್ಲಿ ಆದ ಬದಲಾವಣೆ, ಜೊತೆಗೆ ಅಮೆರಿಕ ಖಂಡದ ತೀರಗಳಿಂದ ಬಂದು 2019ರಲ್ಲಿ ಭಾರತದಲ್ಲಿ ಮೊದಲು ದಾಖಲಾದ ಮೈಟೆಲ್ಲಾ ಸ್ಟ್ರಿಗಾಟಾ ಎಂಬ ಆಕ್ರಮಣಕಾರಿ ಪಚ್ಚಿಲೆಯ ಹಾವಳಿ ಇವೆಲ್ಲ ಸೇರಿ ಬಳಚಿನ ಹಾಸುಗಳನ್ನು ಒತ್ತರಿಸಿವೆ. ಸಂಗ್ರಾಹಕರು ನಿಯಮ ಪಾಲಿಸಿದರೂ ನೀರು ಕೆಟ್ಟರೆ ಬಳಚು ಉಳಿಯುವುದಿಲ್ಲ. ಹೊರ ಊರಿನಿಂದ ಮರಿ ತಂದು ಅಘನಾಶಿನಿಗೆ ಬಿಡುವ ಪ್ರಸ್ತಾಪ ಯಾರಿಂದಲೇ ಬಂದರೂ, ಆ ಮರಿಗಳ ಜೊತೆ ಇಂಥ ಜೀವಿ ಬರುತ್ತಿಲ್ಲವೆಂದು ವಿಜ್ಞಾನಿಗಳಿಂದ ಖಾತ್ರಿಪಡಿಸಿಕೊಳ್ಳದೆ ತಾವು ಒಪ್ಪಬಾರದು.

ನೀರಿನ ಗುಣವನ್ನು ಕಾಯಬೇಕಾದುದಕ್ಕೆ ಊಟದ ಎಲೆಯ ಕಡೆಯಿಂದಲೂ ಕಾರಣವಿದೆ. ನೀರನ್ನು ಸೋಸಿ ಬದುಕುವ ಜೀವಿಯು ನೀರಿನಲ್ಲಿರುವ ರೋಗಾಣು, ಭಾರಲೋಹ, ವಿಷ ಇವೆಲ್ಲವನ್ನೂ ತನ್ನ ಮೈಯಲ್ಲಿ ಸಂಗ್ರಹಿಸಿಕೊಳ್ಳುತ್ತದೆ. ಮಂಗಳೂರಿಗೆ ಸಮೀಪದ ಕುಂಬಳೆಯ ಅಳಿವೆಯಲ್ಲಿ 1983ರಲ್ಲಿ ಬಳಚು ತಿಂದವರು ಅಸ್ವಸ್ಥರಾಗಿ ಒಬ್ಬ ಹುಡುಗ ಸತ್ತ ಘಟನೆಯನ್ನು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಅವರ ಸಹೋದ್ಯೋಗಿಗಳು ಅಧ್ಯಯನ ಮಾಡಿ, ಅದು ಕೆಲವು ಜಾತಿಯ ಸೂಕ್ಷ್ಮ ಪ್ಲವಕಗಳಿಂದ ಬಳಚಿಗೆ ಸೇರುವ ನರವಿಷವೆಂದು ಮರುವರ್ಷ ವರದಿ ಮಾಡಿದರು. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಯೂರೋಪಿನ ದೇಶಗಳಲ್ಲಿ ಚಿಪ್ಪುಜೀವಿಗಳು ಬೆಳೆಯುವ ನೀರನ್ನು ಅವುಗಳಲ್ಲಿನ ಮಲಮೂಲದ ಬ್ಯಾಕ್ಟೀರಿಯಾಗಳ ಪ್ರಮಾಣದ ಮೇಲೆ ದರ್ಜೆಗಳಾಗಿ ವಿಂಗಡಿಸಿ, ಕೆಳದರ್ಜೆಯ ನೀರಿನ ಫಸಲನ್ನು ಶುದ್ಧೀಕರಿಸದೆ ಮಾರಲು ಬಿಡುವುದಿಲ್ಲ. ಕುಮಟಾ ಸಂತೆಯಲ್ಲಿ ಬಳಚು ಕೊಳ್ಳುವವರಿಗೂ ಅಂಥ ರಕ್ಷಣೆ ಸಿಗಬೇಕು.

ದೂರದ ಅಪಾಯವೊಂದರ ಸೂಚನೆಯೂ ಇದೆ. ಅಮೆರಿಕದ ಒರೆಗಾನ್ ತೀರದ ವಿಸ್ಕಿ ಕ್ರೀಕ್ ಎಂಬ ಸಿಂಪಿ ಮರಿಕೇಂದ್ರದಲ್ಲಿ 2007ರ ಸುಮಾರಿಗೆ ಮರಿಗಳು ರಾಶಿರಾಶಿಯಾಗಿ ಸತ್ತವು. ಆಳದಿಂದ ಮೇಲೆದ್ದು ಬಂದ, ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ನೀರಿನಲ್ಲಿ ಅವು ಚಿಪ್ಪು ಕಟ್ಟಲಾರದೆ ಹೋಗಿದ್ದವು ಎಂಬುದು 2012ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಪಷ್ಟವಾಯಿತು. ಮುಂಗಾರಿನ ಕಾಲದಲ್ಲಿ ಕರ್ನಾಟಕದ ತೀರದಲ್ಲೂ ಆಳದ ನೀರು ಮೇಲೇಳುತ್ತದೆ. ಅಳಿವೆಯ ನೀರಿನ ಉಪ್ಪು, ಆಮ್ಲಜನಕ, ಆಮ್ಲೀಯತೆಗಳನ್ನು ವರ್ಷವಿಡೀ ಅಳೆದಿಡುವ ಕೆಲಸ ಈಗ ಶುರುವಾದರೆ ಮಾತ್ರ ಮುಂದೆ ಏನಾದರೂ ಬದಲಾದಾಗ ಅದು ಬದಲಾಗಿದೆಯೆಂದು ಹೇಳಲು ಆಧಾರವಿರುತ್ತದೆ.

ಇದೆಲ್ಲ ಸರ್ಕಾರದ ಇಲಾಖೆಗಳ ಕೆಲಸ, ಪಂಚಾಯಿತಿಗಳಿಗೆ ಇದರಲ್ಲಿ ಏನು ಪಾತ್ರ ಎಂಬ ಪ್ರಶ್ನೆ ಸಹಜ. 2002ರ ಜೀವವೈವಿಧ್ಯ ಅಧಿನಿಯಮದ 41ನೆಯ ಸೆಕ್ಷನ್ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ಹೇಳುವುದರ ಜೊತೆಗೆ, ತನ್ನ ವ್ಯಾಪ್ತಿಯಲ್ಲಿ ವಾಣಿಜ್ಯ ಉದ್ದೇಶಕ್ಕಾಗಿ ಜೈವಿಕ ಸಂಪನ್ಮೂಲ ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರವನ್ನೂ ಆ ಸಮಿತಿಗೆ ನೀಡಿದೆ. ಅಳಿವೆಯ ನೀರಿಗೆ ಪಂಚಾಯಿತಿಯ ಗಡಿ ಗೊತ್ತಿಲ್ಲದಿರುವುದರಿಂದ ಎರಡೂ ದಂಡೆಗಳ ಸಮಿತಿಗಳು ಒಟ್ಟಿಗೆ ಕೂರದೆ ಈ ಅಧಿಕಾರಕ್ಕೆ ಅರ್ಥ ಬರುವುದಿಲ್ಲ. ಒಂದು ಊರು ಸಂಗ್ರಹ ನಿಲ್ಲಿಸಿದ ತಿಂಗಳಲ್ಲಿ ಎದುರು ದಂಡೆಯ ಊರು ಬುಟ್ಟಿ ತುಂಬಿಸಿದರೆ ಮೊದಲ ಊರಿನ ತ್ಯಾಗ ವ್ಯರ್ಥ.

ಆದ್ದರಿಂದ ಮುಂದಿನ ಮಳೆಗಾಲ ಮುಗಿದು ಹೊಸ ಮರಿಗಳು ತಳ ಸೇರುವ ಮೊದಲು ಎರಡೂ ದಂಡೆಗಳ ಸಮಿತಿಗಳು ಒಂದು ಜಂಟಿ ಸಭೆ ಕರೆಯಬೇಕೆಂದು ಕೋರಲಾಗಿದೆ. ಆ ಸಭೆಯಲ್ಲಿ ಬಳಚು ತೆಗೆಯುವ ಹೆಂಗಸರು ಹಿಂದಿನ ಸಾಲಿನಲ್ಲಿ ಕೂತು ಕೇಳುವವರಾಗಿರದೆ, ಯಾವ ದಿಬ್ಬದಲ್ಲಿ ಯಾವ ಬಳಚು ಯಾವ ತಿಂಗಳಲ್ಲಿ ಎಂಬುದನ್ನು ಹೇಳಿ ಬರೆಸುವವರಾಗಿರಬೇಕು. ಕಾರವಾರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದ ಮತ್ತು ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ತಮ್ಮ ಅಳತೆಗಳೊಂದಿಗೆ ಹೋಲಿಸಿ ನೋಡಬೇಕು. ಅಷ್ಟಮುಡಿಯ ತಿಂಗಳುಗಳನ್ನು ಹಾಗೆಯೇ ನಕಲು ಮಾಡದೆ ಅಘನಾಶಿನಿಯ ಪ್ರತಿ ಜಾತಿಗೂ ಅದರದೇ ಬಿಡುವಿನ ಕಾಲವನ್ನು ಗೊತ್ತುಮಾಡಿ, ಆ ಕಾಲದಲ್ಲಿ ಕೆಲಸ ಕಳೆದುಕೊಳ್ಳುವ ಕುಟುಂಬಗಳಿಗೆ ವ್ಯಾಪಾರಿಗಳಿಂದ ಬರುವ ಶುಲ್ಕದಿಂದ ನೆರವಾಗುವ ವ್ಯವಸ್ಥೆಯನ್ನೂ ಜೊತೆಯಲ್ಲೇ ಮಾಡಬೇಕು. ಅದಿಲ್ಲದೆ ಯಾವ ನಿಷೇಧವೂ ಒಂದು ಋತು ದಾಟಿ ನಿಲ್ಲುವುದಿಲ್ಲ. ಕೊಳ್ಳುವ ಕನಿಷ್ಠ ಗಾತ್ರವನ್ನು ದಂಡೆಯ ತಕ್ಕಡಿಗೇ ಅನ್ವಯಿಸಬೇಕು. ಪಚ್ಚಿಲೆ ಕೃಷಿಗೆ ಅವಕಾಶ ಕೊಡುವುದಾದರೆ ಮೊದಲು ಸ್ಥಳೀಯ ಮಹಿಳಾ ಸಂಘಗಳಿಗೆ, ಹರಿವು ಚೆನ್ನಾಗಿರುವ ಕಡೆಯಲ್ಲಿ, ಬಳಚಿನ ಹಾಸಿನಿಂದ ದೂರವಾಗಿ, ಕೆಲವೇ ಹಗ್ಗಗಳಿಂದ ಆರಂಭಿಸಿ ಕೊಡಬೇಕು. ಸಭೆಯ ತೀರ್ಮಾನಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಿ, ಅದರ ಪ್ರತಿಯನ್ನು ಪ್ರತಿ ಊರಿನ ಬಳಚು ಇಳಿಸುವ ದಕ್ಕೆಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕೆಂದು ವಿನಂತಿ.

ಅಘನಾಶಿನಿ ಅಳಿವೆಯ ಹಿತವನ್ನು ಬಯಸುವವರ ಪರವಾಗಿ.